ಮೂರು ವರ್ಷ ಕಟ್ಟಿದ ಕೋಟೆ ಒಂದೇ ನಿದ್ದೆಗೆ ಹೋಯ್ತು. ಫ್ರೀ ಸ್ಟ್ರಾಟಜಿ ಗೇಮ್‌ಗಳಲ್ಲಿ ಸ್ಟ್ರಾಟಜಿ ಅನ್ನೋದು ನಿಜವಾಗ್ಲೂ ಇದೆಯಾ?

ದಿಡ್ಡಿಬಾಗಿಲು:
ಮೊಬೈಲ್‌ನಲ್ಲಿ ಕೋಟೆ ಕಟ್ಟೋ ಗೇಮ್ ಒಂದನ್ನ ಮೂರು ವರ್ಷದಿಂದ ಆಡ್ತಿದೀನಿ. ಹೆಸರು ಹೇಳಲ್ಲ. ಹೇಳಿದ್ರೆ ಮಾತು ಆ ಒಂದು ಗೇಮ್ ಸುತ್ತಲೇ ಸುತ್ತುತ್ತೆ. ನಿಮಗೆಲ್ಲ ಗೊತ್ತಿರೋ ಮಾದರಿನೇ: ದೊಡ್ಡ ಭೂಪಟ, ನೂರು ಚಿಲ್ಲರೆ ಜನರ ಅಲಯನ್ಸ್ (ಆಟಗಾರರ ಒಕ್ಕೂಟ), ಸೈನಿಕರ ತರಬೇತಿ, ಆಗಾಗ ಬೇರೆ ಸರ್ವರ್ (ಅದೇ ಗೇಮ್‌ನ ಇನ್ನೊಂದು ಲೋಕ) ಜೊತೆ ಯುದ್ಧ. ಇವತ್ತಿನವರೆಗೂ ಕಾಸು ಬಿಚ್ಚಿಲ್ಲ.

ಮೊನ್ನೆ ರಾತ್ರಿ ಅಲಯನ್ಸ್‌ನವರು ಕರೆದ ರ‍್ಯಾಲಿಗೆ (ಎಲ್ಲರ ಸೈನ್ಯ ಸೇರಿ ಮಾಡೋ ದಾಳಿ) ಸೈನ್ಯದ ಒಂದು ಭಾಗ ಕಳಿಸಿ, ಕೋಟೆಗೆ ಯಾರೂ ಕೈ ಹಾಕದ ಹಾಗೆ 8 ಗಂಟೆಯ ಶೀಲ್ಡ್ ಹಾಕಿ ಮಲಗಿದೆ. ಅರ್ಧ ಗಂಟೆ ಬಿಟ್ಟು ರ‍್ಯಾಲಿ ಹೊರಟಿದೆ. ನಮ್ಮ ಸೈನಿಕರು ಯಾರ ಮೇಲಾದ್ರೂ ಕೈ ಎತ್ತಿದ ಕ್ಷಣ ಶೀಲ್ಡ್ ಒಡೆಯುತ್ತೆ ಅನ್ನೋದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ನಿದ್ದೆಗಣ್ಣಲ್ಲಿ ಮರೆತೆ, ಅಷ್ಟೇ.

ಬೆಳಗ್ಗೆ ಅಂಚೆಪೆಟ್ಟಿಗೆಯಲ್ಲಿ 41 ವರದಿ. ಮೊದಲೆರಡು ಗೂಢಚಾರರು ಬಂದುಹೋದದ್ದು, ಉಳಿದದ್ದೆಲ್ಲ ದಾಳಿ. ಆಸ್ಪತ್ರೆಯಲ್ಲಿ ಜಾಗ ಇದ್ದದ್ದು 60 ಸಾವಿರ ಜನಕ್ಕೆ, ಗಾಯಗೊಂಡವರು 3 ಲಕ್ಷದ ಹತ್ತಿರ. ಜಾಗ ಸಿಗದವರೆಲ್ಲ ಸತ್ತರು. ಕೋಟೆ ಇನ್ನೂ ಉರೀತಾ ಇತ್ತು, ಆದ್ರೆ ಅದು ಕಾಣೋ ಮುಂಚೆನೇ ಪರದೆ ತುಂಬ ಬಂದದ್ದೇನು ಗೊತ್ತಾ? 'ಮತ್ತೆ ಎದ್ದು ನಿಲ್ಲಿ' ಅನ್ನೋ ಪ್ಯಾಕ್, ದುಡ್ಡು ಕೊಟ್ಟು ಕೊಳ್ಳೋ ಸಾಮಗ್ರಿಯ ಕಟ್ಟು. ಮೇಲೊಂದು 24 ಗಂಟೆಯ ಗಡಿಯಾರ ಓಡ್ತಾ ಇತ್ತು.

ಕೇಳೋದು ಇಷ್ಟೇ. ಇದನ್ನ ಸ್ಟ್ರಾಟಜಿ ಅನ್ನಬಹುದಾ? ಮತ್ತೆ ಇಷ್ಟಾದ ಮೇಲೂ ನೀವ್ಯಾರಾದ್ರೂ ಮುಂದುವರಿಸಿದ್ದೀರಾ, ಯಾಕೆ?

ಗುಬ್ಬಚ್ಚಿ_ಸೇನಾಪತಿ:
ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಿಮ್ಮ ಹೆಸರಲ್ಲೇ ಭವಿಷ್ಯ ಬರೆದಿತ್ತಲ್ಲ ಗುರು 😂

ದಿಡ್ಡಿಬಾಗಿಲು:
ಹೆಸರು ನಿನ್ನೆ ಬದಲಾಯಿಸಿದ್ದು.

ಹುರಿಯಾಳು:
ಸ್ಟ್ರಾಟಜಿ ಗಿಟ್ರಾಟಜಿ ಏನೂ ಇಲ್ರಿ ಅದ್ರಾಗ. ರೊಕ್ಕ ಇದ್ದಂವ ಗೆಲ್ತಾನ, ಇಲ್ಲದಂವ ಉರೀತಾನ. ಮುಗೀತು.

ಬಿಲ್ಡರ್_ಖಾಲಿ:
ಎಲ್ಲ ಫ್ರೀ ಗೇಮ್‌ಗಳನ್ನ ಒಂದೇ ಮೂಟೆಗೆ ಕಟ್ಟಬೇಡಿ. ನಾನು ಕ್ಲಾಶ್ ಆಫ್ ಕ್ಲಾನ್ಸ್ ಆಡೋಕೆ ಶುರು ಮಾಡಿ ಹತ್ತು ವರ್ಷದ ಮೇಲಾಯ್ತು, ಒಂದು ಸಲವೂ ದುಡ್ಡು ಹಾಕಿಲ್ಲ. ಅಲ್ಲಿ ನಿಮ್ಮ ಹಳ್ಳಿ ಮೇಲೆ ಯಾರಾದ್ರೂ ದಾಳಿ ಮಾಡಿದ್ರೆ ಚಿನ್ನ, ಎಲಿಕ್ಸರ್ ಅನ್ನೋ ಸಾಮಗ್ರಿಗಳಲ್ಲಿ ಒಂದು ಪಾಲು ಹೋಗುತ್ತೆ, ಕಟ್ಟಿದ ಗೋಡೆ ಹೋಗಲ್ಲ. ಒಡೆದದ್ದೆಲ್ಲ ತಾನಾಗೇ ಸರಿಹೋಗುತ್ತೆ. ಕ್ಲಾನ್ ವಾರ್‌ನಲ್ಲಂತೂ (ಗುಂಪು ಗುಂಪುಗಳ ಯುದ್ಧ) ಎದುರಾಳಿ ನಿಮ್ಮ ಹಳ್ಳಿ ನೆಲಸಮ ಮಾಡಿದ್ರೂ ನಿಮ್ಮ ಖಜಾನೆಗೆ ಏಟಿಲ್ಲ. ಅಂದ್ರೆ ನೀವು ಮಲಗಬಹುದು.

ದಿಡ್ಡಿಬಾಗಿಲು ಆಡ್ತಿರೋ ಜಾತಿಯ ಗೇಮ್‌ನಲ್ಲಿ ಸೋತ ಸೈನ್ಯ ಸತ್ತೇ ಹೋಗುತ್ತೆ. ವ್ಯತ್ಯಾಸ ಇರೋದು ಅಲ್ಲಿ. ಎಷ್ಟು ಕಳ್ಕೋಬಹುದು ಅನ್ನೋದೇ ಪ್ರಶ್ನೆ, ದುಡ್ಡು ಆಮೇಲಿನ ಮಾತು.

ಗುಬ್ಬಚ್ಚಿ_ಸೇನಾಪತಿ:
ಹತ್ತು ವರ್ಷ ಆಡಿದ್ದೀರಿ, ಗೋಡೆ ಮುಗೀತಾ?

ಬಿಲ್ಡರ್_ಖಾಲಿ:
ಆ ಮಾತು ಬೇಡ.

ಅಲ್ಪವಿರಾಮ:
ಕ್ಲಾಶ್ ಬಗ್ಗೆ ಹೇಳಿದ್ದು ಸರಿ, ಆದ್ರೆ ಅದು ಹುಟ್ಟಿದಾಗಿನಿಂದ ಇಷ್ಟು ಸಾಧು ಇರಲಿಲ್ಲ. 2012ರ ಆಗಸ್ಟ್‌ನಲ್ಲಿ ಐಫೋನ್‌ಗೆ, 2013ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್‌ಗೆ ಬಂತು. ಆವಾಗ ಒಂದು ದಾಳಿಗೆ ಸೈನ್ಯ ತಯಾರಾಗೋಕೂ ಕಾಯಬೇಕಿತ್ತು, ಎಲಿಕ್ಸರ್ ಖರ್ಚೂ ಆಗ್ತಿತ್ತು. ಸೋತ್ರೆ ಎರಡೂ ಗೋವಿಂದ. ತರಬೇತಿಯ ಖರ್ಚು ತೆಗೆದದ್ದು 2022ರಲ್ಲಿ, ಕಾಯೋ ಸಮಯ ತೆಗೆದದ್ದು 2025ರಲ್ಲಿ. ಒಂದು ಗೇಮ್ ತನ್ನದೇ ಗಡಿಯಾರಗಳನ್ನ ಬಿಚ್ಚಿಹಾಕೋಕೆ ಹತ್ತು ವರ್ಷದ ಮೇಲೆ ತಗೊಂಡಿದೆ.

ಬಿಲ್ಡರ್_ಖಾಲಿ:
ಸರಿ ಸಾರ್. ಆದ್ರೂ ಬಿಚ್ಚಿತಲ್ಲ.

ಹುರಿಯಾಳು:
ಸೈನ್ಯದ ಗಡಿಯಾರ ಬಿಚ್ಯಾರ, ಬಿಲ್ಡರ್ ಗಡಿಯಾರ ಬಿಚ್ಯಾರೇನು? ಒಂದೊಂದು ಕಟ್ಟಡಕ್ಕ ವಾರಗಟ್ಲೆ ಕಾಯ್ಬೇಕು.

ಬಿಲ್ಡರ್_ಖಾಲಿ:
ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳೋ ಮಾತು: ಸಿಕ್ಕ ಜೆಮ್ಸ್‌ನ (ಗೇಮ್‌ನೊಳಗಿನ ದುಡ್ಡು) ಅವಸರಕ್ಕೆ ಸುಡಬೇಡಿ, ಕಟ್ಟಡ ಕಟ್ಟೋ ಬಿಲ್ಡರ್‌ನ ಗುಡಿಸಲಿಗೆ ಕೂಡಿಡಿ. 500, 1000, 2000. ಮೂರು, ನಾಲ್ಕು, ಐದನೇ ಬಿಲ್ಡರ್‌ಗೆ ಒಟ್ಟು 3500 ಜೆಮ್ಸ್. ಹಳ್ಳಿಯಲ್ಲಿ ಬೆಳೆಯೋ ಗಿಡ, ಪೊದೆ, ಕಲ್ಲು ತೆಗೆದ್ರೆ ಒಂದೆರಡು ಜೆಮ್ ಸಿಗುತ್ತೆ, ಆಗಾಗ ಕಾಣಿಸೋ ಪೆಟ್ಟಿಗೆ ಒಡೆದ್ರೆ 25, ಸಾಧನೆಗಳಿಂದ ಇನ್ನಷ್ಟು. ನಾನು ಐದೂ ಬಿಲ್ಡರ್‌ಗಳನ್ನ ಹುಲ್ಲು ಕಿತ್ತೇ ಕೊಂಡೆ. ತಮಾಷೆ ಅಲ್ಲ, ಅದೇ ನನ್ನ ಸ್ಟ್ರಾಟಜಿ.

ಸುಮ್ನೆ_ಓದ್ದೆ:
ಸೇನಾಧಿಪತಿ ಅಂತ ಹೋಗಿ ತೋಟದ ಮಾಲಿ ಆದ ಕಥೆ.

ಲೆಕ್ಕಿಗ:
ಎರಡು ವರ್ಷ ಇಂಥದ್ದೇ ಒಂದು ಗೇಮ್ ಮಾಡೋ ಕಂಪನಿಯಲ್ಲಿ ಪ್ಯಾಕ್‌ಗಳ ವಿಭಾಗದಲ್ಲಿದ್ದೆ. ಕಂಪನಿ ಹೆಸರು ಹೇಳಲ್ಲ, ನಾನೂ ದಿಡ್ಡಿಬಾಗಿಲು ಥರಾನೇ.

ನಿಮಗೆ ಬೆಳಗ್ಗೆ ಬಂದ ಆ ಪ್ಯಾಕ್ ಕಾಕತಾಳೀಯ ಅಲ್ಲ. ನಮ್ಮಲ್ಲಿ ಪ್ರತಿ ಪ್ಯಾಕ್‌ಗೂ ಒಂದು 'ಯಾವಾಗ' ಅನ್ನೋ ಕಾಲಂ ಇರ್ತಿತ್ತು. ದೊಡ್ಡ ಸೋಲಾದ ಮೇಲೆ, ಒಂದು ಅಪ್‌ಗ್ರೇಡ್‌ಗೆ ಸ್ವಲ್ಪವೇ ಸಾಮಗ್ರಿ ಕಮ್ಮಿ ಬಿದ್ದಾಗ, ನಾಲ್ಕೈದು ದಿನ ನಾಪತ್ತೆಯಾಗಿ ವಾಪಸ್ ಬಂದಾಗ. ಮೊದಲನೇ ಪ್ಯಾಕ್ ಯಾವಾಗಲೂ ಅಗ್ಗ ಇರುತ್ತೆ, ಗಮನಿಸಿದ್ದೀರಾ? ಅದರಿಂದ ಲಾಭ ಬರಲಿ ಅಂತಲ್ಲ, ನಿಮ್ಮ ಕೈ ಒಂದು ಸಲ ಆ ಬಟನ್ ಒತ್ತಲಿ ಅಂತ. ಏನೂ ಕೊಡದವನನ್ನ ಕೊಡೋನಾಗಿ ಮಾಡೋದೇ ಕಷ್ಟದ ಕೆಲಸ. ಸ್ವಲ್ಪ ಕೊಟ್ಟವನಿಂದ ಜಾಸ್ತಿ ಕೊಡಿಸೋದು ಅಷ್ಟು ಕಷ್ಟ ಅಲ್ಲ.

ಆದ್ರೆ ನೀವು ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ದುಡ್ಡು ಹಾಕದವರನ್ನ ಗೇಮ್ ಯಾಕೆ ಸಾಕುತ್ತೆ? ಸರ್ವರ್‌ಗೆ ಖರ್ಚಿಲ್ವಾ? ಉತ್ತರ ಸರಳ. ದುಡ್ಡು ಹಾಕೋ ಕೆಲವೇ ಜನರಿಗೆ ಗೆಲ್ಲೋಕೆ ಯಾರಾದ್ರೂ ಬೇಕು, ಮೆಚ್ಚೋಕೆ ಯಾರಾದ್ರೂ ಬೇಕು, ಅಲಯನ್ಸ್ ಚಾಟ್‌ನಲ್ಲಿ 'ಅಣ್ಣಾ ಕಾಪಾಡಿ' ಅನ್ನೋಕೆ ಯಾರಾದ್ರೂ ಬೇಕು. ಖಾಲಿ ಭೂಪಟದ ಚಕ್ರವರ್ತಿ ಆಗೋಕೆ ಯಾರೂ ದುಡ್ಡು ಕೊಡಲ್ಲ. ನೀವು ಆಟಗಾರ ಹೌದು, ಜೊತೆಗೆ ಇನ್ನೊಬ್ಬರ ಆಟದ ಸಾಮಾನೂ ಹೌದು.

ಗುಬ್ಬಚ್ಚಿ_ಸೇನಾಪತಿ:
ಬೆಳಗ್ಗೆ ಬೆಳಗ್ಗೆ ಇಂಥ ಮಾತು ಯಾಕೆ ಸಾರ್.

ಮಧ್ಯರಾತ್ರಿ_ದಾಳಿ:
ನಾನು ಇನ್ನೊಂದು ಬದಿಯವನು, ನನ್ನ ಮಾತೂ ಇರಲಿ. ನಾನು ಮಾಡೋದೇ ದಿಡ್ಡಿಬಾಗಿಲುಗೆ ಆದದ್ದು. ನಾನೂ ದುಡ್ಡು ಹಾಕದವನೇ. ಎದುರಾಳಿ ಅಲಯನ್ಸ್‌ನಲ್ಲಿ ಯಾರ ಶೀಲ್ಡ್ ಯಾವಾಗ ಬೀಳುತ್ತೆ ಅಂತ ಪುಸ್ತಕದಲ್ಲಿ ಬರೆದಿಡ್ತೀನಿ. ದಿನಾ ಒಂದೇ ಹೊತ್ತಿಗೆ ಶೀಲ್ಡ್ ಹಾಕೋರು ಸುಲಭವಾಗಿ ಸಿಗ್ತಾರೆ, ವಾರ ನೋಡಿದ್ರೆ ಅವರ ನಿದ್ದೆಯ ವೇಳಾಪಟ್ಟಿನೇ ಗೊತ್ತಾಗುತ್ತೆ. ಮೊದಲು ಗೂಢಚಾರನ್ನ ಕಳಿಸಿ ಹತ್ತು ನಿಮಿಷ ಕಾಯ್ತೀನಿ. ಅವರೇನೂ ಮಾಡ್ಲಿಲ್ಲ ಅಂದ್ರೆ ಮಲಗಿದ್ದಾರೆ ಅಂತ ಅರ್ಥ.

ನನಗಿಂತ ಹತ್ತು ಪಟ್ಟು ದುಡ್ಡು ಸುರಿದವರನ್ನೂ ಹೀಗೇ ಉರಿಸಿದ್ದೀನಿ. ಇದು ಸ್ಟ್ರಾಟಜಿ ಅಲ್ವಾ? ಗೂಢಚರ್ಯೆ, ತಾಳ್ಮೆ, ಸಮಯ. ರಣರಂಗದಲ್ಲಿ ಇನ್ನೇನು ಬೇಕು?

ದಿಡ್ಡಿಬಾಗಿಲು:
ಗೂಢಚಾರ ಬಂದು ಹತ್ತು ನಿಮಿಷಕ್ಕೆ ದಾಳಿ. ನನ್ನ ವರದಿಯಲ್ಲೂ ಹಾಗೇ ಇದೆ. ನಿಮ್ಮ ಸರ್ವರ್ ಯಾವುದು?

ಮಧ್ಯರಾತ್ರಿ_ದಾಳಿ:
ನಂಬರ್ ಬೇಡ ಬಿಡಿ. ಇಬ್ಬರಿಗೂ ನೆಮ್ಮದಿ.

ಕಾಲಾಳು:
ಸ್ಟ್ರಾಟಜಿ ಬೇಕಾದವರು ಚೆಸ್ ಆಡಿ ಅಂತ ಹೇಳಿ ಹೇಳಿ ಸಾಕಾಯ್ತು. ಲಿಚೆಸ್ ಅನ್ನೋ ಚೆಸ್ ತಾಣ ಪೂರ್ತಿ ಉಚಿತ, ಜಾಹೀರಾತಿಲ್ಲ, ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಎಷ್ಟು ದುಡ್ಡು ಇದ್ರೂ ಎರಡನೇ ಮಂತ್ರಿಯನ್ನ ಕೊಂಡು ಹಲಗೆ ಮೇಲೆ ಇಡೋಕಾಗಲ್ಲ.

ಹುರಿಯಾಳು:
ಬಂದ್ರಪಾ ಚೆಸ್ ಸ್ವಾಮಿಗೋಳು.

ಸುಮ್ನೆ_ಓದ್ದೆ:
ಯಾವ ಗೇಮ್ ಬಗ್ಗೆ ಮಾತು ಬಂದ್ರೂ ಚೆಸ್‌ನವರೊಬ್ಬರು ಹಾಜರ್. ನಮಗೆ ಬೇಕಾಗಿರೋದು ಉರಿಯೋ ಕೋಟೆ ಸ್ವಾಮಿ, 64 ಮನೆ ಅಲ್ಲ.

ಕಾಲಾಳು:
ನಗಿ. ಆದ್ರೆ ನಿದ್ದೆ ಬಗ್ಗೆ ಮಾತು ಬಂತಲ್ಲ, ಅದಕ್ಕೊಂದು ಉತ್ತರ ಅಲ್ಲಿದೆ. ಅಂಚೆ ಚೆಸ್ ಥರ ಆಡೋ ವಿಧಾನದಲ್ಲಿ ಒಂದು ನಡೆಗೆ 14 ದಿನದವರೆಗೂ ಸಮಯ ಇಟ್ಕೋಬಹುದು. ನೀವು ಮಲಗಿದ್ದಾಗ ಎದುರಾಳಿ ನಡೆಸಬಹುದು, ಆದ್ರೆ ಒಂದೇ ನಡೆ. ಆಮೇಲೆ ಸರದಿ ನಿಮ್ಮದು. ಸರದಿ ಅನ್ನೋ ಒಂದು ಪದ ಇದ್ದಿದ್ರೆ ದಿಡ್ಡಿಬಾಗಿಲು ಸೈನ್ಯ ಬದುಕಿರ್ತಿತ್ತು.

ಅಲ್ಪವಿರಾಮ:
ಇದು ಒಳ್ಳೇ ಮಾತು. ಸರದಿ ಇರೋ ಗೇಮ್ ಮೊಬೈಲ್‌ನಲ್ಲೇ ಬೇಕು ಅನ್ನೋರು ಪಾಲಿಟೋಪಿಯಾ ನೋಡಿ. ಸ್ವೀಡನ್‌ನ ಸಣ್ಣ ತಂಡ 2016ರಲ್ಲಿ ತಂದದ್ದು. ಆರಂಭದ ನಾಲ್ಕು ಬುಡಕಟ್ಟು ಉಚಿತ, ಉಳಿದವು ಬೇಕಾದ್ರೆ ಒಮ್ಮೆ ಕೊಂಡ್ರೆ ಮುಗೀತು. ಗಡಿಯಾರ ಇಲ್ಲ, ಜೆಮ್ಸ್ ಇಲ್ಲ. ಒಂದು ಬಗೆಯ ಆಟ 30 ಸರದಿಗೆ ಮುಗಿಯುತ್ತೆ. ಯುನ್‌ಸಿವ್ ಅಂತ ಇನ್ನೊಂದಿದೆ, ಸಿವಿಲೈಸೇಶನ್ 5 ಅನ್ನೋ ಗೇಮ್‌ನ ಮಾದರಿಯಲ್ಲಿ ಮಾಡಿದ ಮುಕ್ತ ತಂತ್ರಾಂಶ. ನೋಡೋಕೆ ಸಪ್ಪೆ, ಆದ್ರೆ ಬೆಳಗಾಗೋದು ಗೊತ್ತಾಗಲ್ಲ.

ಗುಬ್ಬಚ್ಚಿ_ಸೇನಾಪತಿ:
ಅಂದ್ರೆ ಅದರಲ್ಲೂ ನಿದ್ದೆ ಇಲ್ಲ. ಉಪಯೋಗ ಏನು.

ಹಳೇಹುಲಿ_2004:
ನೀವೆಲ್ಲ ಮೊಬೈಲ್ ಮೊಬೈಲ್ ಅಂತೀರಲ್ಲ, ಈ ರೋಗ ಬ್ರೌಸರ್ ಕಾಲದ್ದು ಮಾರಾಯ್ರೆ. ಟ್ರಾವಿಯನ್ ಶುರುವಾದದ್ದು 2004ರಲ್ಲಿ. ಸಣ್ಣ ಹಳ್ಳಿ, ನಾಲ್ಕು ಸಾಮಗ್ರಿ, ಸುತ್ತ ಮುತ್ತ ಕಳ್ಳರು. ಅದರಲ್ಲೂ ನಿಮ್ಮ ಮೇಲೆ ಸೈನ್ಯ ಬರ್ತಾ ಉಂಟು ಅಂತ ಗೊತ್ತಾಗ್ತಿತ್ತು, ತಲುಪೋ ಸಮಯ ಸೆಕೆಂಡ್ ಸಮೇತ ತೋರಿಸ್ತಿತ್ತು. ನಾವು ಮಾಡ್ತಿದ್ದದ್ದು ಏನು? ಬೆಳಗಿನ ಜಾವ 3:47ಕ್ಕೆ ದಾಳಿ ಅಂದ್ರೆ 3:40ಕ್ಕೆ ಅಲಾರಂ. ಎದ್ದು, ನಮ್ಮ ಸೈನ್ಯವನ್ನ ಎಲ್ಲಿಗಾದ್ರೂ ಹೊರಗೆ ಕಳಿಸೋದು, ಸಾಮಗ್ರಿ ಖಾಲಿ ಮಾಡೋದು. ಅವರು ಬಂದು ಖಾಲಿ ಹಳ್ಳಿಗೆ ಗುದ್ದಿ ಹೋಗ್ತಾರೆ. ಅವರು ಹೋದ ಮೇಲೆ ನಮ್ಮವರು ವಾಪಸ್. ಮತ್ತೆ ಮಲಗೋದು.

ಒಂದು ಸಲ ಹಾಗೆ ಎದ್ದವನು ಕಣ್ಣುಜ್ಜಿಕೊಂಡು ಸೈನ್ಯವನ್ನ ಹೊರಗೆ ಕಳಿಸೋ ಬದಲು ಹೊರಗಿದ್ದವರನ್ನೂ ವಾಪಸ್ ಕರೆಸಿದೆ. ಸರಿಯಾಗಿ 3:46ಕ್ಕೆ ಮನೆ ಸೇರಿದರು. ಆಮೇಲಿನದ್ದು ಹೇಳೋದು ಬೇಡ.

ಆದ್ರೆ ಅಲ್ಲಿ ಎರಡು ಒಳ್ಳೇ ವಿಷಯ ಇತ್ತು. ಒಂದು, 'ಸಿಟ್ಟರ್' ಅಂತ ಇಬ್ಬರನ್ನ ನೇಮಿಸಬಹುದಿತ್ತು. ನೀವಿಲ್ಲದಾಗ ಅವರು ನಿಮ್ಮ ಹಳ್ಳಿ ನೋಡ್ಕೊಳ್ಳೋಕೆ ನಿಯಮದಲ್ಲೇ ಅವಕಾಶ ಉಂಟು. ಎರಡು, ಆಟಕ್ಕೆ ಕೊನೆ ಇತ್ತು. ಯಾರಾದ್ರೂ ವಂಡರ್ ಅನ್ನೋ ಮಹಾಕಟ್ಟಡವನ್ನ 100ನೇ ಹಂತಕ್ಕೆ ಕಟ್ಟಿದ್ರೆ ಆ ಸರ್ವರ್ ಮುಗೀತು. ಎಲ್ಲರೂ ಮನೆಗೆ, ಮುಂದಿನದ್ದು ಸೊನ್ನೆಯಿಂದ. ಮೂರು ವರ್ಷದ ಕೋಟೆ ಅನ್ನೋ ಭಾರವೇ ಇರಲಿಲ್ಲ.

ದಿಡ್ಡಿಬಾಗಿಲು:
ಕೊನೆ ಅನ್ನೋ ಮಾತು ತಟ್ಟಿತು ಸಾರ್. ನಮ್ಮದರಲ್ಲಿ ಯುದ್ಧದ ಸೀಸನ್ ಮುಗಿಯುತ್ತೆ, ಕೋಟೆ ಮುಗಿಯಲ್ಲ. ಬಿಡೋಕೂ ಒಂದು ನೆಪ ಬೇಕಲ್ವಾ.

ನೀಲಿತಿಮಿಂಗಿಲ:
ಇಲ್ಲಿ ಎಲ್ಲರೂ ಬೈತಿರೋ ಆ 'ದುಡ್ಡು ಇದ್ದಂವ' ನಾನು. ಎಷ್ಟು ಅಂತ ಕೇಳಬೇಡಿ, ಮನೆಯಲ್ಲೂ ಹೇಳಿಲ್ಲ.

ಹುರಿಯಾಳು ಅವರೇ, ಗೆಲ್ಲೋಕೆ ಅಂತ ಶುರು ಮಾಡಿದ್ದು ನಿಜ. ಆದ್ರೆ ಮುಂದುವರಿಸಿದ್ದು ಗೆಲುವಿಗಲ್ಲ. ನಮ್ಮ ಅಲಯನ್ಸ್‌ನಲ್ಲಿ ದೊಡ್ಡ ರ‍್ಯಾಲಿ ಮುನ್ನಡೆಸೋಕೆ ಆಗ್ತಿದ್ದದ್ದು ಇಬ್ಬರಿಗೆ, ಅದರಲ್ಲಿ ನಾನೊಬ್ಬ. ಯುದ್ಧದ ದಿನ ನಾನಿಲ್ಲ ಅಂದ್ರೆ ಎಂಬತ್ತು ಜನ ಕಾಯ್ತಾ ಕೂತಿರ್ತಿದ್ರು. ಪ್ರತಿ ಕೆಲವು ತಿಂಗಳಿಗೆ ದುಡ್ಡು ಕೊಟ್ಟು ಕೊಳ್ಳೋ ಹೊಸ ಕಮಾಂಡರ್ ಬರ್ತಿದ್ದ, ಹಳೆಯವನ ಮುಂದೆ ಇವನು ಭೀಮ. ಎದುರಾಳಿ ಕೊಂಡಿದ್ದಾನೆ, ನಾನು ಕೊಳ್ಳದಿದ್ರೆ ನನ್ನ ಹಿಂದೆ ಬರೋರು ಸಾಯ್ತಾರೆ. ಹಾಗಂತ ನನಗೆ ನಾನೇ ಹೇಳ್ಕೊಂಡು ಕೊಳ್ತಿದ್ದೆ. ಕೊಟ್ಟೋನು ಕೋಡಂಗಿ ಅಂತಾರಲ್ಲ, ಆ ಕೋಡಂಗಿಗೆ ಎಂಬತ್ತು ಜನ ಜೈ ಅಂತಿದ್ರೆ ಕೋಡಂಗಿ ಅಂತ ಗೊತ್ತಾಗೋಕೆ ಸಮಯ ಹಿಡಿಯುತ್ತೆ.

ಬಿಟ್ಟದ್ದು ಹೇಗೆ ಗೊತ್ತಾ? ಒಂದು ದಿನ ಹೊಸ ಕಮಾಂಡರ್‌ನ ಚಿತ್ರ ನೋಡಿದೆ. ಎರಡು ವರ್ಷದ ಹಿಂದೆ ಕೊಂಡವನ ಮುಖಕ್ಕೆ ಗಡ್ಡ ಅಂಟಿಸಿದ ಹಾಗಿತ್ತು. ನಗು ಬಂತು. ನಗು ಬಂದ ಮೇಲೆ ಕೊಳ್ಳೋಕಾಗಲಿಲ್ಲ.

ಲೆಕ್ಕಿಗ:
ಗಡ್ಡದ ಮಾತು ಸುಳ್ಳಲ್ಲ. ಚಿತ್ರ ಬರೆಯೋರಿಗೂ ಗಡುವು ಇರುತ್ತೆ 🙂

ಹುರಿಯಾಳು:
ತಿಮಿಂಗಿಲ ಅಣ್ಣಾ, ನಾ ಅಂದದ್ದು ನಿಮಗಲ್ಲ ಬಿಡ್ರಿ. ನಿಮ್ಮಂಥವರು ನಮ್ಮ ಅಲಯನ್ಸ್‌ನಾಗ ಇದ್ರ ದೇವರು, ಎದುರು ಇದ್ರ ರಾಕ್ಷಸ. ಅಷ್ಟ.

ಅಲಯನ್ಸ್_ಅಮ್ಮ:
ಇಷ್ಟೂ ಹೊತ್ತು ಓದಿದೆ. ಸ್ಟ್ರಾಟಜಿ ಇಲ್ಲ ಅನ್ನೋರು ಒಂದು ಸಲ ಅಲಯನ್ಸ್ ನಡೆಸಿ ನೋಡಿ. ನಾನು ನಡೆಸ್ತಿರೋದಕ್ಕೆ ನಾಲ್ಕು ವರ್ಷ, 120 ಜನ, ಏಳು ಭಾಷೆ. ಒಂದು ಬಿಲ್ಲುಗಾರನ ಹಂತ ಎಷ್ಟು ಅನ್ನೋದು ಇಲ್ಲಿನ ಸ್ಟ್ರಾಟಜಿನೇ ಅಲ್ಲ. ಯಾರ ಜೊತೆ ಒಪ್ಪಂದ, ಒಪ್ಪಂದ ಮುರಿಯೋದು ಯಾವಾಗ, ನಮ್ಮೊಳಗಿನ ಗೂಢಚಾರಿ ಯಾರು, ಅವನನ್ನ ಓಡಿಸೋದಾ ಅಥವಾ ಇಟ್ಕೊಂಡು ಸುಳ್ಳು ಸುದ್ದಿ ಕೊಡೋದಾ. ಇದೇ ಆಟ.

ಹೋದ ಯುದ್ಧದಲ್ಲಿ ಎದುರು ಸರ್ವರ್‌ನವರ ಬಲ ನಮ್ಮ ಎರಡರಷ್ಟಿತ್ತು. ಕಣಿವೆಯ ಬಾಗಿಲು ಒಂದೇ, ಅದನ್ನ ಹಿಡಿದವರು ಗೆದ್ದ ಹಾಗೆ. ನೇರ ಹೋದ್ರೆ ನಾವು ಬೂದಿ. ನಮ್ಮಲ್ಲಿ ಚಿಕ್ಕ ಚಿಕ್ಕ ಕೋಟೆಯವರು ಮೂವತ್ತು ಜನ ಇದ್ರು, ಒಬ್ಬರೂ ದುಡ್ಡು ಹಾಕದವರು. ಅವರಿಗೆ ಹೇಳಿದೆ: ಎದುರಿನವರ ಐದು ದೊಡ್ಡ ಕೋಟೆಗಳ ಮೇಲೆ ಒಂದಾದ ಮೇಲೊಂದು ರ‍್ಯಾಲಿ ಹಾಕ್ತಾ ಇರಿ. ಒಳಗೆ ಸೈನಿಕ ಒಬ್ಬನೇ ಇರಲಿ. ಎದುರಿನವರಿಗೆ ಕಾಣೋದು ರ‍್ಯಾಲಿಯ ಗಡಿಯಾರ ಮಾತ್ರ, ಒಳಗೆ ಎಷ್ಟು ಜನ ಅಂತ ಕಾಣಲ್ಲ. ಅವರ ಅರ್ಧ ಸೈನ್ಯ ಆ ಐದು ಕೋಟೆಗೆ ಬೆಂಬಲಕ್ಕೆ ಓಡ್ತು, ಇಬ್ಬರು ದೊಡ್ಡವರು ಹೆದರಿ ಶೀಲ್ಡ್ ಹಾಕ್ಕೊಂಡ್ರು. ಶೀಲ್ಡ್ ಹಾಕ್ಕೊಂಡವರು ಹೊರಗೆ ಹೊಡೆಯೋ ಹಾಗಿಲ್ಲ. ಅಷ್ಟರಲ್ಲಿ ನಾವು ಬಾಗಿಲು ತಗೊಂಡ್ವಿ. ಮೂವತ್ತು ಸೈನಿಕರ ಖರ್ಚು.

ದಿಡ್ಡಿಬಾಗಿಲು, ನಿಮಗೆ ಆದದ್ದಕ್ಕೆ ಬೇಜಾರಿದೆ, ಆದ್ರೆ ತಪ್ಪು ನಿಮ್ಮೊಬ್ಬರದಲ್ಲ. ರ‍್ಯಾಲಿ ಕರೆದವರು 'ಶೀಲ್ಡ್ ಒಡೆಯುತ್ತೆ, ಎಚ್ಚರ ಇರೋರು ಮಾತ್ರ ಬನ್ನಿ' ಅಂತ ಯಾಕೆ ಹೇಳಲಿಲ್ಲ? ನಮ್ಮಲ್ಲಿ ರಾತ್ರಿ ಪಾಳಿ ಇದೆ. ಅರ್ಧ ಜಗತ್ತು ಆಚೆ ಇರೋರನ್ನ ಬೇಕಂತಲೇ ಸೇರಿಸ್ಕೊಂಡಿದ್ದೀವಿ, ನಮ್ಮ ರಾತ್ರಿ ಅವರಿಗೆ ಹಗಲು. ಯಾರ ಕೋಟೆ ಮೇಲಾದ್ರೂ ಗೂಢಚಾರ ಬಂದ್ರೆ ಐದು ನಿಮಿಷದಲ್ಲಿ ಅವರ ಫೋನ್ ರಿಂಗ್ ಆಗುತ್ತೆ.

ಗುಬ್ಬಚ್ಚಿ_ಸೇನಾಪತಿ:
ಅಮ್ಮಾ, ಒಬ್ಬ ಸೈನಿಕನ ರ‍್ಯಾಲಿ ಕೇಳಿ ಎದ್ದು ನಿಂತು ಚಪ್ಪಾಳೆ ಹೊಡೆದೆ.

ಸುಮ್ನೆ_ಓದ್ದೆ:
ಇದು ಗೇಮ್ ಹೇಳಿಕೊಟ್ಟದ್ದಲ್ಲ, ನೀವು ಕಂಡುಕೊಂಡದ್ದು. ಅದಕ್ಕೆ ಗೇಮ್‌ಗೆ ಯಾಕೆ ಶಹಭಾಸ್ ಕೊಡಬೇಕು?

ಅಲಯನ್ಸ್_ಅಮ್ಮ:
ಗೇಮ್‌ಗೆ ಯಾರು ಶಹಭಾಸ್ ಕೊಟ್ರು? ಜನರಿಗೆ ಕೊಟ್ಟೆ.

ಮಧ್ಯರಾತ್ರಿ_ದಾಳಿ:
ಪಾಳಿ ಇರೋ ಅಲಯನ್ಸ್‌ಗಳ ತಂಟೆಗೆ ನಾನು ಹೋಗಲ್ಲ. ಒಂದು ಸಲ ಹೋಗಿ ಕೈ ಸುಟ್ಕೊಂಡಿದ್ದೀನಿ. ಗೂಢಚಾರನ್ನ ಕಳಿಸಿ ನಾಲ್ಕು ನಿಮಿಷಕ್ಕೆ ಒಳಗೆ ಬೆಂಬಲದ ಸೈನ್ಯ ತುಂಬಿತ್ತು, ಶೀಲ್ಡ್ ಮಾತ್ರ ಬೇಕಂತಲೇ ಹಾಕಿರಲಿಲ್ಲ. ಬಾರಪ್ಪಾ ಅಂತ ಬಾಗಿಲು ತೆರೆದಿಟ್ಟ ಹಾಗೆ. ಹೋದೆ. ನನ್ನ ಆಸ್ಪತ್ರೆಯೂ ತುಂಬಿತು.

ಇಬ್ಬರು_ಮಕ್ಕಳ_ಅಪ್ಪ:
ನೀವೆಲ್ಲ ಯುದ್ಧದ ಮಾತಾಡ್ತಿದ್ದೀರಿ, ನನ್ನ ಸಮಸ್ಯೆ ಬೇರೆ. ಎಂಟು ವರ್ಷದ ಮಗ ನನ್ನ ಫೋನ್‌ನಲ್ಲಿ ಇಂಥದ್ದೇ ಒಂದರಲ್ಲಿ 'ಹಸಿರು ಕಲ್ಲು' ಕೊಂಡಿದ್ದಾನೆ. ಕೇಳಿದ್ರೆ 'ದುಡ್ಡಲ್ಲ ಅಪ್ಪಾ, ಜೆಮ್ಸ್' ಅಂತಾನೆ. ಅವನ ಪ್ರಕಾರ ಅವನು ನಿಜವನ್ನೇ ಹೇಳ್ತಿದ್ದಾನೆ.

ಅಲ್ಪವಿರಾಮ:
ಮೊದಲು ಸ್ಟೋರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿ. ಆಮೇಲೆ ಅಲ್ಲೇ ಮರುಪಾವತಿಗೆ ಅರ್ಜಿ ಹಾಕಿ, ತಡ ಮಾಡಬೇಡಿ. ಮಕ್ಕಳ ಖರೀದಿ ವಿಚಾರದಲ್ಲಿ 2014ರಲ್ಲೇ ಅಮೆರಿಕದ ವ್ಯಾಪಾರ ಆಯೋಗ ಆಪಲ್‌ನಿಂದ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್‌ನಿಂದ ಕನಿಷ್ಠ 1.9 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್ ಕೊಡಿಸೋ ಒಪ್ಪಂದ ಮಾಡಿಸಿತ್ತು. ನಿಮ್ಮ ಮಗ ಮೊದಲನೆಯವನಲ್ಲ.

ಇಬ್ಬರು_ಮಕ್ಕಳ_ಅಪ್ಪ:
ಧನ್ಯವಾದ ಸಾರ್, ಈಗಲೇ ಹಾಕ್ತೀನಿ. ಜೆಮ್ಸ್ ಅನ್ನೋ ಹೆಸರಲ್ಲೇ ಮೋಸ ಇದೆ ಅನಿಸುತ್ತೆ.

ಲೆಕ್ಕಿಗ:
ಹೆಸರಲ್ಲಷ್ಟೇ ಅಲ್ಲ, ಲೆಕ್ಕದಲ್ಲೂ. ಪ್ಯಾಕ್‌ನಲ್ಲಿ 500 ಇರುತ್ತೆ, ಬೇಕಾದ ವಸ್ತುವಿಗೆ 480. ಉಳಿದ 20ರಲ್ಲಿ ಏನೂ ಬರಲ್ಲ, ಆದ್ರೆ ಬಿಸಾಕೋಕೂ ಮನಸ್ಸಿಲ್ಲ. ಮುಂದಿನ ಪ್ಯಾಕ್‌ಗೆ ಅದೇ ಬೀಜ.

ಹುರಿಯಾಳು:
ಪೆಟ್ಟಿಗಿ ತೆರೆಯೋದು ಅದಕ್ಕಿಂತ ಕೆಟ್ಟದ್ದು. ಒಳಗ ಏನೈತಿ ಅಂತ ಗೊತ್ತಿಲ್ಲದ ರೊಕ್ಕ ಕೊಡೋದು ಜೂಜಲ್ಲದ ಮತ್ತೇನು?

ಅಲ್ಪವಿರಾಮ:
ಬೆಲ್ಜಿಯಂ 2018ರಲ್ಲಿ ಅದನ್ನೇ ಹೇಳ್ತು. ದುಡ್ಡು ಕೊಟ್ಟು ತೆರೆಯೋ ಅದೃಷ್ಟದ ಪೆಟ್ಟಿಗೆ ಜೂಜು ಅಂತ. ಅದಕ್ಕೂ ಮುಂಚೆ 2017ರಲ್ಲಿ ಚೀನಾ, ಆಮೇಲೆ ಆಪಲ್ ಕೂಡ, ಯಾವ ವಸ್ತು ಸಿಗೋ ಸಾಧ್ಯತೆ ಎಷ್ಟು ಅಂತ ತೋರಿಸಲೇಬೇಕು ಅಂದವು. ಆ ಸಂಖ್ಯೆ ಈಗ ಗೇಮ್‌ನೊಳಗೆ ಎಲ್ಲೋ ಒಂದು ಸಣ್ಣ 'ಐ' ಗುರುತಿನ ಹಿಂದೆ ಇರುತ್ತೆ. ಒತ್ತಿ ನೋಡಿದವರು ಎಷ್ಟು ಜನ ಕೈ ಎತ್ತಿ.

ಗುಬ್ಬಚ್ಚಿ_ಸೇನಾಪತಿ:
ಅದು ಅಲಂಕಾರ ಅಂದ್ಕೊಂಡಿದ್ದೆ.

ಬಿಲ್ಡರ್_ಖಾಲಿ:
ವಿಷಯ ಬಿಟ್ಟು ಒಂದು ಮಾತು. ಜಾಹೀರಾತಲ್ಲಿ ತೋರಿಸೋ ಗೇಮ್ ಎಲ್ಲಿ ಸಿಗುತ್ತೆ? ಮೊಳೆ ಎಳೆದು ರಾಜನನ್ನ ಲಾವಾದಿಂದ ಕಾಪಾಡೋದು ಅಂತ ನೋಡಿ ಇಳಿಸ್ಕೊಂಡೆ. ಒಳಗೆ ಹೋದ್ರೆ ಗೋಧಿ ಹೊಲ, ಮರದ ಮಿಲ್, 'ಗೋಡೆ 3ನೇ ಹಂತಕ್ಕೆ ಏರಿಸಿ'.

ಸುಮ್ನೆ_ಓದ್ದೆ:
ನಾನೂ ಆ ರಾಜನನ್ನ ಹುಡುಕ್ತಿದ್ದೀನಿ. ಅವನು ಜಾಹೀರಾತಲ್ಲಿ ಮಾತ್ರ ಸಾಯೋದು.

ಅಲ್ಪವಿರಾಮ:
ಮೊಳೆ ಎಳೆಯೋ ಆಟ ತೋರಿಸಿದ್ದಕ್ಕೇ 2020ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಕರು ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಜಾಹೀರಾತನ್ನ ತಡೆದರು, ಜಾಹೀರಾತಿಗೂ ಆಟಕ್ಕೂ ಸಂಬಂಧ ಇಲ್ಲ ಅಂತ. ಅವು ಸ್ಟ್ರಾಟಜಿ ಗೇಮ್ ಅಲ್ಲ ಅನ್ನಿ.

ಹಳೇಹುಲಿ_2004:
ಬೇರೆ ಭಾಷೆಯವರ ಜೊತೆ ಅಲಯನ್ಸ್ ಅಂದ್ರಲ್ಲ ಅಮ್ಮ, ಆ ಅನುವಾದದ ಬಟನ್ ಬಗ್ಗೆ ಹೇಳದೆ ಇರೋಕಾಗಲ್ಲ. ನನ್ನ ಮೇಲೆ ದಾಳಿಯಾದಾಗ ಚಾಟ್‌ನಲ್ಲಿ ಕನ್ನಡದಲ್ಲೇ 'ಕೋಟೆ ಉರೀತಾ ಉಂಟು' ಅಂತ ಹಾಕಿದೆ. ಅವರಿಗೆ ಹೋದದ್ದು 'ನನ್ನ ಕೋಟೆಗೆ ಹೊಟ್ಟೆಕಿಚ್ಚು' ಅಂತ. ಒಬ್ಬಳು ಪಾಪ 'ಬೇರೆಯವರ ಕೋಟೆ ನೋಡಿ ಬೇಸರ ಮಾಡ್ಕೋಬೇಡಿ, ನಿಮ್ಮದೂ ಚೆನ್ನಾಗಿದೆ' ಅಂತ ಸಮಾಧಾನ ಹೇಳಿದಳು. ಅಷ್ಟರಲ್ಲಿ ಕೋಟೆ ಬೂದಿ.

ಅಲಯನ್ಸ್_ಅಮ್ಮ:
😂😂 ನಾವು ಅದಕ್ಕೇ ಚಿತ್ರಗಳನ್ನ ನಿಗದಿ ಮಾಡಿದ್ದೀವಿ. ಬೆಂಕಿ ಮೂರು ಸಲ ಹಾಕಿದ್ರೆ ಬೆಂಬಲ ಕಳಿಸಿ, ಆಮೆ ಹಾಕಿದ್ರೆ ಶೀಲ್ಡ್ ಹಾಕ್ಕೊಳ್ಳಿ. ಆಮೆ ಯಾವ ಭಾಷೆಯಲ್ಲೂ ಆಮೆನೇ.

ನೀಲಿತಿಮಿಂಗಿಲ:
ನನಗೆ ಈಗಲೂ ನೆನಪಾಗೋದು ಇಂಥವೇ. ಕೊಂಡದ್ದು ಒಂದೂ ನೆನಪಿಲ್ಲ.

ಕಾಲಾಳು:
ಹಾಗಾದ್ರೆ ಚಾಟ್ ಇಟ್ಕೊಂಡು ಗೇಮ್ ಬಿಡಿ. ಕೋಟೆ ಇಲ್ಲದೆ ಎಂಬತ್ತು ಜನ ಮಾತಾಡೋಕಾಗಲ್ವಾ?

ನೀಲಿತಿಮಿಂಗಿಲ:
ಪ್ರಯತ್ನ ಪಟ್ವಿ. ಗೇಮ್ ಬಿಟ್ಟ ಹನ್ನೆರಡು ಜನ ಹೊರಗೊಂದು ಗುಂಪು ಮಾಡಿದ್ವಿ. ಎರಡು ವಾರ ಜೋರು, ಆಮೇಲೆ ಶುಭಾಶಯಗಳು ಮಾತ್ರ. ಜೊತೆಗೆ ಕಾಯೋಕೆ ಏನಾದ್ರೂ ಇರಬೇಕು ಅನಿಸುತ್ತೆ. ಸುಳ್ಳು ಬಾಗಿಲಾದ್ರೂ ಸರಿ.

ಹುರಿಯಾಳು:
ದಿಡ್ಡಿಬಾಗಿಲು ಎಲ್ಲಿ ಹೋದ್ರು? ಬೆಂಕಿ ಹಚ್ಚಿ ನಾಪತ್ತೆ.

ದಿಡ್ಡಿಬಾಗಿಲು:
ಇಲ್ಲೇ ಇದ್ದೀನಿ, ಎಲ್ಲ ಓದಿದೆ. ಆ ಪ್ಯಾಕ್ ಕೊಳ್ಳಲಿಲ್ಲ, 24 ಗಂಟೆ ಮುಗಿದು ಹೋಯ್ತು. ಮುಗಿದ ಮೇಲೆ ಇನ್ನೊಂದು ಬಂತು, ಅದು ಅದಕ್ಕಿಂತ ಅಗ್ಗ. ಲೆಕ್ಕಿಗ ಹೇಳಿದ ಮೇಲೆ ಅದನ್ನ ನೋಡೋದೇ ಬೇರೆ ಥರ.

ನಿಜ ಹೇಳ್ಬೇಕಂದ್ರೆ ಬಿಟ್ಟುಬಿಡ್ತೀನಿ ಅಂತ ಬರೆಯೋಕೇ ಇಲ್ಲಿಗೆ ಬಂದವನು. ಅಮ್ಮ ಹೇಳಿದ ಪಾಳಿ ವಿಷಯ ನಮ್ಮ ಅಲಯನ್ಸ್ ಚಾಟ್‌ನಲ್ಲಿ ಹಾಕಿದೆ. ಇಷ್ಟು ದಿನ ಮಾತೇ ಆಡದವರೆಲ್ಲ ಬಂದ್ರು. ಹೋದ ತಿಂಗಳು ಇನ್ನೂ ನಾಲ್ಕು ಜನಕ್ಕೆ ಹೀಗೇ ಆಗಿತ್ತಂತೆ, ನಾಚಿಕೆಯಿಂದ ಯಾರೂ ಹೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ಪಟ್ಟಿ ತಯಾರು. ರಾತ್ರಿ 2ರಿಂದ 4ರವರೆಗೆ ಯಾರೂ ಸಿಗಲಿಲ್ಲ, ಅದನ್ನ ನಾನು ತಗೊಂಡೆ.

ಗುಬ್ಬಚ್ಚಿ_ಸೇನಾಪತಿ:
ತಡೀರಿ. ನಿದ್ದೆ ಉಳಿಸ್ಕೊಳ್ಳೋಕೆ ಅಂತ ಬಂದು ರಾತ್ರಿ ಪಾಳಿ ತಗೊಂಡು ಹೋಗ್ತಿದ್ದೀರಾ?

ದಿಡ್ಡಿಬಾಗಿಲು:
ವಾರಕ್ಕೆ ಎರಡೇ ದಿನ.

ಮಧ್ಯರಾತ್ರಿ_ದಾಳಿ:
ಯಾವ ಎರಡು ದಿನ? ಸುಮ್ನೆ ಕೇಳ್ದೆ.